ಅಮಾಸಿಯ ಗುಳಿಗೆ

ಬಸವನ ಬಾಗೇವಾಡಿಯಲ್ಲಿ ಗುಡಿಗೆ ಹೋಗುವ ದಾರಿಯ ಮೇಲೆ ನನ್ನ ಹೆಂಡತಿಯದೊಂದು ಬಳೆ ಅಂಗಡಿ ಇದೆ. ಅಂಗಡಿ ಅಂದರೆ ದೊಡ್ಡದೇನಲ್ಲ. ಇಬ್ಬರು ಹೆಂಗಸರು ಎದುರುಬದುರು ಕೂತರೆ ಮೂರನೆಯವಳು ಮೆಟ್ಟಿಲ ಮೇಲೆ ನಿಲ್ಲಬೇಕು. ಅವಳ ಅವ್ವ ನಡೆಸುತ್ತಿದ್ದದ್ದು ಈಗ ಅವಳ ಕೈಗೆ ಬಂದಿದೆ. ನನ್ನದು ಸರಕಾರಿ ನೌಕರಿ. ಕುಷ್ಠರೋಗ ಬಂದವರನ್ನು ಹುಡುಕುವುದು, ಗುಳಿಗೆ ಕೊಡುವುದು, ಕೊಟ್ಟದ್ದನ್ನು ಬರೆದಿಡುವುದು. ಮದುವೆಯಾದ ಹೊಸದರಲ್ಲಿ ಅವಳು ನನ್ನ ಕೆಲಸ ಏನೆಂದು ಯಾರಿಗೂ ಬಿಡಿಸಿ ಹೇಳುತ್ತಿರಲಿಲ್ಲ. "ದವಾಖಾನ್ಯಾಗ ಅದಾರ" ಅಂದು ಮಾತು ತಿರುಗಿಸುತ್ತಿದ್ದಳು. ತಪ್ಪೇನಿಲ್ಲ. ಬಳೆ ತೊಡಿಸುವವಳ ಗಂಡ ಅಂಥ ರೋಗಿಗಳ ಕೈ ಹಿಡಿದು ಬರುತ್ತಾನೆಂದು ಗೊತ್ತಾದರೆ ಯಾವ ಮುತ್ತೈದೆ ಬಂದು ಕೈ ಚಾಚಿಯಾಳು?

ಈಗ ನಿವೃತ್ತಿಯ ಹೊಸ್ತಿಲಿಗೆ ಬಂದು ನಿಂತಿದ್ದೇನೆ. ಹೊಸ್ತಿಲು ದಾಟಲು ಮಾತ್ರ ಬಿಡವಲ್ಲರು. ಇಂಡಿ ತಾಲೂಕಿನಲ್ಲಿ ನನ್ನಂಥವನೇ ಒಬ್ಬ ಇದ್ದ, ನಿವೃತ್ತನಾದ. ಆ ಕುರ್ಚಿಗೆ ಯಾರೂ ಬರಲಿಲ್ಲ. ಸಿಂದಗಿಯವನು ವರ್ಗ ಮಾಡಿಸಿಕೊಂಡು ಹೋದ. ಮುದ್ದೇಬಿಹಾಳದವರು ತೀರಿಕೊಂಡರು. ಒಂದೊಂದೇ ತಾಲೂಕನ್ನು "ಸ್ವಲ್ಪ ದಿನ ನೋಡಿಕೊಳ್ರಿ" ಅಂತ ನನ್ನ ಕೊರಳಿಗೆ ಕಟ್ಟಿದರು. ಆ ಸ್ವಲ್ಪ ದಿನ ಇನ್ನೂ ಮುಗಿದಿಲ್ಲ. ನಾಲ್ಕು ತಾಲೂಕಿನ ಮಚ್ಚೆಗಳಿಗೆ ನಾನೊಬ್ಬನೇ ವಾರಸುದಾರ. ಬಸ್ಸಿನಲ್ಲಿ ಕೂತು ಕೂತು ಮೊಣಕಾಲು ಹಿಡಿದುಹೋಗಿವೆ. ಕಂಡಕ್ಟರುಗಳೆಲ್ಲ ನನ್ನನ್ನು ನೋಡಿ, "ಇವತ್ತ ಯಾವ ಕಡಿ ಪಯಣ?" ಅನ್ನುತ್ತಾರೆ. ನನಗೇ ಒಮ್ಮೊಮ್ಮೆ ನೆನಪಿರುವುದಿಲ್ಲ.

ಈ ರೋಗಕ್ಕೆ ಬಾಯಿಲ್ಲ. ನೋವಿಲ್ಲ, ತುರಿಕೆಯಿಲ್ಲ, ಜ್ವರವಿಲ್ಲ. ಚರ್ಮದ ಮೇಲೆ ಮಾಸಿದಂಥ ಒಂದು ಮಚ್ಚೆ, ಅಷ್ಟೇ. ಅಲ್ಲಿ ಮುಟ್ಟಿದರೆ ಗೊತ್ತಾಗುವುದಿಲ್ಲ. ಗುಳಿಗೆ ನುಂಗಿದರೆ ವಾಸಿಯಾಗುತ್ತದೆ, ಗುಳಿಗೆ ಶುರುವಾದ ಮೇಲೆ ಒಬ್ಬರಿಂದ ಒಬ್ಬರಿಗೆ ಹತ್ತುವುದೂ ನಿಲ್ಲುತ್ತದೆ. ಈ ಮಾತನ್ನು ಎಷ್ಟು ಊರಿನ ಕಟ್ಟೆಗಳ ಮುಂದೆ ನಿಂತು ಹೇಳಿದ್ದೇನೋ ಲೆಕ್ಕವಿಲ್ಲ. ಜನ ತಲೆಯಾಡಿಸುತ್ತಾರೆ. ಹೌದ್ರಿ, ಖರೇರಿ ಅನ್ನುತ್ತಾರೆ. ನನಗೆ ಚಹಾ ತರಿಸುತ್ತಾರೆ. ರೋಗ ಬಂದವರ ಮನೆಯ ಚಹಾ ಮಾತ್ರ ಯಾರೂ ಕುಡಿಯುವುದಿಲ್ಲ.

ನಾನು ಹೇಳಹೊರಟಿರುವ ಹೆಣ್ಣುಮಗಳು ಸಿಕ್ಕದ್ದು ಬಳೆ ಅಂಗಡಿಯಲ್ಲಿ. ಸಿಂದಗಿ ತಾಲೂಕಿನ ಒಂದು ಹಳ್ಳಿಯವಳು. ಯಾರದೋ ಮದುವೆಗೆಂದು ಬಾಗೇವಾಡಿಗೆ ಬಂದವಳು ಹಸಿರು ಬಳೆ ಇಡಿಸಿಕೊಳ್ಳಲು ಕೂತಿದ್ದಳು. ಬೆರಳ ಗಿಣ್ಣು ಒತ್ತಿ ಬಳೆ ಏರಿಸುವಾಗ ಒಂದು ಬಳೆ ಹೆಚ್ಚಿತು. ಬಳೆ ಒಡೆಯಿತು ಅಂತ ಬಾಯಿ ಬಿಟ್ಟು ಅನ್ನಬಾರದು, ಹೆಚ್ಚಿತು ಅನ್ನಬೇಕು. ಗಾಜಿನ ಚೂರು ಕಿರುಬೆರಳ ಬುಡಕ್ಕೆ ಹೊಕ್ಕು ರಕ್ತ ಬಂತು. ಆಕೆ ಮದುವೆಮನೆಯ ಸುದ್ದಿ ಹೇಳುತ್ತಿದ್ದವಳು ಹೇಳುತ್ತಲೇ ಇದ್ದಳಂತೆ. ಹೆಂಡತಿ ಸೆರಗಿನಿಂದ ರಕ್ತ ಒರೆಸಿ, ಆ ಕೈ ತಿರುಗಿಸಿ ನೋಡಿದಳು. ಬೆರಳ ತುದಿಗೆಲ್ಲ ಸುಟ್ಟ ಕಲೆ.

"ಇದು ಸುಟ್ಟಿದ್ದು ಗೊತ್ತಾಗ್ಲಿಲ್ಲೇನವಾ?" ಅಂದಳಂತೆ.

"ರೊಟ್ಟಿ ಬಡಿಯೋ ಕೈ ಅಕ್ಕಾರ. ಸುಡೋದು ಇದ್ದದ್ದ ಐತಿ."

ಸಾಯಂಕಾಲ ನನಗೆ ಹೇಳುವಾಗ ಹೆಂಡತಿ ಒಂದೇ ಮಾತು ಹೇಳಿದಳು: "ನಿಮ್ಮ ಕಡೀದು ಅನಸ್ತೈತಿ ನೋಡ್ರಿ." ಮರುದಿನ ಆಕೆ ಊರಿಗೆ ಹೋಗುವ ಮೊದಲು ಅಂಗಡಿಗೆ ಕರೆಸಿದ್ದಳು. ಸೀರೆಯ ಪರದೆ ಹಿಂದೆ ಆಕೆಯನ್ನು ಕೂರಿಸಿ, ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ಅಲ್ಲಲ್ಲಿ ಮುಟ್ಟಿದೆ. ಮುಟ್ಟಿದಲ್ಲೆಲ್ಲ ಬೆರಳಿಟ್ಟು ತೋರಿಸು ತಂಗಿ ಅಂದೆ. ಮೊಣಕೈ ಮೇಲೆ ತೋರಿಸಿದಳು, ಭುಜದ ಮೇಲೆ ತೋರಿಸಿದಳು. ಮುಂಗೈಯ ಹೊರಮಗ್ಗುಲಲ್ಲಿ ನಾನು ಎಷ್ಟು ಸಲ ಮುಟ್ಟಿದರೂ ಕಣ್ಣು ಮುಚ್ಚಿಕೊಂಡು ಹಾಗೇ ಕಾಯುತ್ತ ಕೂತಿದ್ದಳು. "ಇನ್ನೂ ಮುಟ್ಟಿಲ್ಲೇನ್ರಿ?" ಅಂದಳು.

ದವಾಖಾನೆಯ ಡಾಕ್ಟರು ನೋಡಿ ಖಾತ್ರಿ ಮಾಡಿದರು. ರೋಗದ ಹೆಸರು ಹೇಳಿದ ಮೇಲೂ ಆಕೆ ಅಳಲಿಲ್ಲ. ಅಳುತ್ತಾಳೆಂದು ನಾನು ನೀರಿನ ತಂಬಿಗೆ ಹಿಡಿದುಕೊಂಡು ನಿಂತಿದ್ದೆ. "ಅಣ್ಣಾರ, ಹಂಗಾದ್ರ ನನ್ನ ರೊಟ್ಟಿ ಗತಿ ಏನು?" ಅಂದಳು.

ಆಕೆ ಜೋಳದ ಖಡಕ್ ರೊಟ್ಟಿ ಮಾಡಿ ಸಿಂದಗಿಯ ಒಂದು ಖಾನಾವಳಿಗೆ ಕೊಡುತ್ತಿದ್ದಳು. ಗಂಡ ಬಾಡಿಗೆಗೆ ಟ್ರ್ಯಾಕ್ಟರ್ ಓಡಿಸುತ್ತಾನೆ. ಕೆಲಸ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಮನೆಯ ಒಲೆ ಉರಿಯುತ್ತಿದ್ದದ್ದು ಈ ರೊಟ್ಟಿಯ ಮೇಲೆ. ಅದಕ್ಕಿಂತ ಹೆಚ್ಚಿನದು ಇನ್ನೊಂದಿತ್ತು. ಮದುವೆಮನೆಯವರು ಹುಡುಕಿಕೊಂಡು ಬಂದು ಆಕೆಯ ರೊಟ್ಟಿಯೇ ಬೇಕು ಅನ್ನುತ್ತಿದ್ದರು. ಹಪ್ಪಳದಂತೆ ತೆಳ್ಳಗೆ, ಅಂಚಿನವರೆಗೂ ಒಂದೇ ಸಮ. ಸೊಸೆಯ ಕೈಯೆಂದರೆ ಅತ್ತೆಗೂ ಹೆಮ್ಮೆ. ಆ ಕೈಗೆ ಈ ರೋಗ ಅಂತ ಊರಿಗೆ ಗೊತ್ತಾದರೆ ಆ ರೊಟ್ಟಿ ಯಾರು ಮುರಿದಾರು? ನಾನು ಡಾಕ್ಟರು ಹೇಳಿದ್ದೆಲ್ಲ ಹೇಳಿದೆ: ರೊಟ್ಟಿಯಿಂದ ಹರಡುವುದಿಲ್ಲ, ಗುಳಿಗೆ ಶುರುವಾದರೆ ಹೆದರಿಕೆಯೇ ಇಲ್ಲ, ಬಿಸಿ ಹಂಚು ಮುಟ್ಟುವಾಗ ಮಾತ್ರ ಅರಿವೆ ಸುತ್ತಿಕೋ. ಆಕೆ ಎಲ್ಲ ಕೇಳಿ, "ನನಗ ತಿಳೀತರಿ. ಉಳದವ್ರಿಗೆ ಯಾರು ತಿಳಿಸೋರು?" ಅಂದಳು.

ಉಪಾಯ ತೆಗೆದದ್ದು ಆಕೆಯೇ. ನಮ್ಮ ಕಡೆ ಹೆಂಗಸರು ಹರಕೆ ಹೊತ್ತು ಅಮಾಸಿಗೊಮ್ಮೆ ದೇವರಿಗೆ ನಡೆದುಕೊಳ್ಳುತ್ತಾರೆ. ಇಷ್ಟು ಅಮಾಸಿ ಬರುತ್ತೇನೆ ಅಂತ ಬೇಡಿಕೊಂಡರೆ ಮುಗಿಯಿತು, ಮಳೆ ಬರಲಿ ಬಿಸಿಲು ಬರಲಿ ಅತ್ತೆಯಾಗಲಿ ಗಂಡನಾಗಲಿ ತಡೆಯುವುದಿಲ್ಲ. ಯಾಕೆ ಹರಕೆ ಹೊತ್ತೆ ಅಂತಲೂ ಕೇಳುವುದಿಲ್ಲ, ಕೇಳಬಾರದು. ಹೆಂಗಸರಿಗೆ ಬಸ್ಸು ಪುಕ್ಕಟೆ ಆದ ಮೇಲಂತೂ ಅಮಾಸಿಯ ದಿನ ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನನ್ನ ಗುಳಿಗೆ ಹಾಳೆ ಇಪ್ಪತ್ತೆಂಟು ದಿನಕ್ಕೆ ಮುಗಿಯುತ್ತದೆ. ಇಂಥ ಹನ್ನೆರಡು ಹಾಳೆ. "ಹನ್ನೆರಡು ಅಮಾಸಿ ಬಸವಣ್ಣಗ ನಡೀತೇನಿ ಅಂತ ಮನ್ಯಾಗ ಹೇಳ್ತೇನಿ ಅಣ್ಣಾರ. ಗುಡಿಗೆ ಹೋಗಿ, ಹೊಳ್ಳಿ ಬರೂಮುಂದ ಇಲ್ಲಿ ಕುಂದ್ರತೇನಿ" ಅಂದಳು. ಗಂಡನಿಗೆ ಮಾತ್ರ ನಿಜ ಹೇಳಿದ್ದಳು. ಅವನು ಒಮ್ಮೆ ಬಂದು ಪರದೆ ಹಿಂದೆ ಅಂಗಿ ತೆಗೆದು ಬೆನ್ನು ತೋರಿಸಿ ಹೋದ. ಒಳ್ಳೆಯ ಮನುಷ್ಯ.

ಮನೆಯ ಉಳಿದವರನ್ನು ನೋಡುವುದು ನನ್ನ ಕೆಲಸ, ಬಿಡುವ ಹಾಗಿಲ್ಲ. ಆ ಊರಿನ ಸಾಲೆಯಲ್ಲಿ ಎಲ್ಲ ಮಕ್ಕಳ ಚರ್ಮ ತಪಾಸಣೆ ಅಂತ ಮಾಡಿ ಆಕೆಯ ಮಕ್ಕಳನ್ನೂ ನೋಡಿದೆ. ಮುದುಕರಿಗೆ ಬಿಪಿ, ಶುಗರು ಅಂತ ಕ್ಯಾಂಪು ಹಾಕಿಸಿ, ಅದರ ನೆವದಲ್ಲಿ ಅತ್ತೆಯ ಬೆನ್ನು, ತೋಳು ನೋಡಿದೆ. ಯಾರಿಗೂ ಏನೂ ಇರಲಿಲ್ಲ. ಒಬ್ಬಳ ಮರ್ಯಾದೆಗೆ ಇಡೀ ಊರಿಗೆ ಕ್ಯಾಂಪು ಹಾಕಿಸಿದೆಯಲ್ಲೋ ಪುಣ್ಯಾತ್ಮ ಅಂತ ನನಗೆ ನಾನೇ ನಕ್ಕೆ. ಇಂಥ ಸುಳ್ಳು ಹೇಳಲು ನನಗೆ ಬೇಜಾರಿಲ್ಲ.

ಹೀಗೆ ಅಮಾಸಿ ಶುರುವಾದವು. ದೇವರ ಹಿಪ್ಪರಗಿಯಲ್ಲಿ ಬಸ್ ಬದಲಿಸಿ, ಗರ್ದಿಯಲ್ಲಿ ಜಜ್ಜಿಸಿಕೊಂಡು ಬರುತ್ತಿದ್ದಳು. ಗುಡಿಯಿಂದ ಹಣೆತುಂಬ ವಿಭೂತಿ ಹಚ್ಚಿಕೊಂಡು ಬಂದು ಅಂಗಡಿಯಲ್ಲಿ ಕೂತು, ತಿಂಗಳಿಗೊಮ್ಮೆ ನುಂಗುವ ದೊಡ್ಡ ಗುಳಿಗೆಗಳನ್ನು ನನ್ನೆದುರೇ ನುಂಗಿ, ಉಳಿದ ಹಾಳೆಯನ್ನು ಬಳೆಯ ಕಾಗದದಲ್ಲಿ ಸುತ್ತಿಸಿಕೊಂಡು ಹೋಗುತ್ತಿದ್ದಳು. ಮೊದಲ ಸಲ ಮೂತ್ರ ಕೆಂಪಾಗಿ ಗಾಬರಿಯಾಗಿ ಗಂಡನಿಂದ ಫೋನು ಮಾಡಿಸಿದ್ದಳು. ಆಮೇಲೆ ಮುಖದ ಬಣ್ಣ ಕಪ್ಪಾಗತೊಡಗಿತು; ಅದೂ ಗುಳಿಗೆಯದೇ ಗುಣ. "ಒಲಿ ಮುಂದ ಕುಂತ ಕುಂತ ಕರ್ರಗಾಗೇನಿ ಅಂತ ಹೇಳೇನಿ ಅಕ್ಕಾರ" ಅಂತ ನಗುತ್ತಿದ್ದಳು. ಪ್ರತಿ ಸಲ ನಮಗೆಂದು ಒಂದು ಕಟ್ಟು ರೊಟ್ಟಿ ತರುತ್ತಿದ್ದಳು. ಹೆಂಡತಿ ಅದರ ಮೇಲೆ ಶೇಂಗಾ ಹಿಂಡಿ, ಎಣ್ಣೆ ಹಾಕಿ ಅಲ್ಲೇ ಆಕೆಯ ಮುಂದೆ ಮುರಿದು ತಿನ್ನುತ್ತಿದ್ದಳು. ಬೇಕೆಂದೇ ಆಕೆ ನೋಡುವ ಹಾಗೆ ತಿನ್ನುತ್ತಿದ್ದಳು.

ಇನ್ನು ಕಂಪ್ಯೂಟರಿನ ಮಾತಿಗೆ ಬರುತ್ತೇನೆ. ನಾನು ಹಳೆಯ ದಫ್ತರಗಳಿಗೆ ಜೋತುಬಿದ್ದ ಮುದುಕನಲ್ಲ. ನಮ್ಮ ದಫ್ತರದ ಬಂಡವಾಳ ನನಗಿಂತ ಚೆನ್ನಾಗಿ ಬಲ್ಲವರು ಯಾರು? ಹಲಸಂಗಿ ಕಡೆಯವನೊಬ್ಬ ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಅಲೆಯುವವನು. ದಫ್ತರದ ಲೆಕ್ಕಕ್ಕೆ ಅವನು ಇಂಡಿಯಲ್ಲಿ ಒಬ್ಬ ಹೊಸ ರೋಗಿ, ನಿಡಗುಂದಿ ಕಡೆ ಇನ್ನೊಬ್ಬ ಹೊಸ ರೋಗಿ, ಮುದ್ದೇಬಿಹಾಳದಲ್ಲಿ ಮತ್ತೊಬ್ಬ. ಮೂರೂ ಕಡೆ ಗುಳಿಗೆ ಅರ್ಧಕ್ಕೇ ನಿಂತಿತ್ತು. ಇನ್ನೊಂದು ಊರಲ್ಲಿ ತೀರಿಹೋದವನೊಬ್ಬ ಕಾಗದದ ಮೇಲೆ ತಿಂಗಳು ತಪ್ಪದೆ ಗುಳಿಗೆ ನುಂಗುತ್ತಿದ್ದ. ಸತ್ತವನಷ್ಟು ಶಿಸ್ತು ಬದುಕಿದವರಿಗೆ ಎಲ್ಲಿಂದ ಬರಬೇಕು? ಇದೆಲ್ಲ ಒಂದೇ ಕಡೆ ಸೇರಿ ಸರಿಯಾಗುತ್ತದೆಂದಾಗ ಖುಷಿಪಟ್ಟವರಲ್ಲಿ ನಾನೂ ಒಬ್ಬ. ನಾಲ್ಕು ತಾಲೂಕಿನ ದಫ್ತರಗಳನ್ನು ಕನ್ನಡಕ ಒರೆಸಿಕೊಂಡು ನಾನೇ ಮೊಬೈಲಿನ ಹೊಸ ಆ್ಯಪಿಗೆ ಹಾಕಿದೆ. ಸುಳ್ಳು ಯಾಕೆ ಹೇಳಲಿ, ಹಲಸಂಗಿ ಕಡೆಯವನು ಒಬ್ಬನೇ ಅಂತ ಗೊತ್ತಾದದ್ದು ಆಗಲೇ. ಅವನನ್ನು ಹಿಡಿದು ಪೂರ್ತಿ ಗುಳಿಗೆ ನುಂಗಿಸಿದ್ದೂ ಆಗಲೇ. ಗುಳಿಗೆಯ ಡಬ್ಬಿ ಕೂಡ ಈಗ ಹೊತ್ತಿಗೆ ಸರಿಯಾಗಿ ಬರುತ್ತದೆ. ಮೊದಲು ಅದಕ್ಕೂ ಮೇಲಿನವರ ಕಾಲು ಹಿಡಿಯಬೇಕಿತ್ತು.

ಆ್ಯಪಿನಲ್ಲಿ ಪ್ರತಿಯೊಬ್ಬರ ಮುಂದೆ ಒಂದು ಬಣ್ಣದ ಚುಕ್ಕೆ. ಹೇಳಿದ ದಿನ ಗುಳಿಗೆ ತಗೊಂಡರೆ ಹಸಿರು. ತಡವಾದರೆ ಹಳದಿ. ಎರಡು ವಾರ ಮೀರಿದರೆ ಕೆಂಪು, ಅಂದರೆ ಚಿಕಿತ್ಸೆ ಬಿಟ್ಟವರು. ಯಾವ ದಿನ ಯಾವ ಹಾಳೆ ಅಂತ ಅದು ಮೊದಲನೇ ದಿನವೇ ಹನ್ನೆರಡಕ್ಕೂ ಲೆಕ್ಕ ಕಟ್ಟಿ ಇಟ್ಟುಬಿಡುತ್ತದೆ, ಇಪ್ಪತ್ತೆಂಟರ ಲೆಕ್ಕದಲ್ಲಿ. ಚಂದ್ರ ಆ ಲೆಕ್ಕಕ್ಕೆ ಒಪ್ಪಿದವನಲ್ಲ. ಅವನ ಅಮಾಸಿ ಒಂದು ದಿನವೋ ಎರಡು ದಿನವೋ ತಡವಾಗಿಯೇ ಬರುತ್ತದೆ. ಒಂದು ತಿಂಗಳಿಗೆ ಅದು ಏನೂ ಅಲ್ಲ. ಆದರೆ ಆ ತಡ ಪ್ರತಿ ತಿಂಗಳೂ ಹಿಂದಿನದಕ್ಕೆ ಕೂಡಿಕೊಳ್ಳುತ್ತ ಹೋಗುತ್ತದೆ. ರೋಗಕ್ಕೆ ಇದರಿಂದ ಏನೂ ವ್ಯತ್ಯಾಸವಿಲ್ಲ. ಒಂದೆರಡು ದಿನ ಗುಳಿಗೆ ಇಲ್ಲದಿದ್ದರೂ ನಡೆಯುತ್ತದೆ, ವರ್ಷದ ಗುಳಿಗೆಯನ್ನು ಒಂದೂವರೆ ವರ್ಷದಲ್ಲಿ ಮುಗಿಸಿದರೂ ಅದು ಪೂರ್ತಿಯೇ. ಹರಕೆ ಹೊತ್ತ ಆ ಹೆಣ್ಣುಮಗಳು ಒಂದು ಅಮಾಸಿಯನ್ನೂ ತಪ್ಪಿಸಿರಲಿಲ್ಲ. ಹಾಗಿದ್ದರೂ ಆಕೆಯ ಹೆಸರಿನ ಮುಂದೆ ಎರಡನೇ ಹಾಳೆಯಿಂದಲೇ ಹಳದಿ ಬಿತ್ತು.

ಮೊದಮೊದಲು ನಾನು ಲಕ್ಷ್ಯ ಕೊಡಲಿಲ್ಲ. ಹಳದಿ ಚುಕ್ಕೆಗೆ ಹೆದರಿದರೆ ನಮ್ಮ ಕೆಲಸ ನಡೆಯುತ್ತದೆಯೇ? ಆಮೇಲೆ ಒಂದು ದಿನ ಬಸ್ಸಿನಲ್ಲಿ ಕೂತು ಬೆರಳೆಣಿಸಿ ನೋಡಿದಾಗ, ಹೀಗೇ ಹೋದರೆ ಕೊನೆಯ ಹಾಳೆಗಳ ಹೊತ್ತಿಗೆ ಇದು ಕೆಂಪಾಗುತ್ತದೆಂದು ತಿಳಿಯಿತು. ಎರಡು ಹಾಳೆ ಒಮ್ಮೆಲೇ ಕೊಟ್ಟು ತಡ ಮುರಿಯೋಣವೆಂದರೆ ಆ್ಯಪ್ ಎರಡನೆಯದನ್ನು ತಗೊಳ್ಳದು. ಮೊದಲೇ ಬರೆದಿಡೋಣವೆಂದರೆ, ಹಾಳೆ ಹಿಡಿದ ಕೈಯ ಫೋಟೊ ಬೇಕು, ಫೋಟೊದ ಮೇಲೆ ದಿನಾಂಕವನ್ನು ಅದೇ ಒತ್ತುತ್ತದೆ. ಹಳೆಯ ದಫ್ತರದಲ್ಲಿ ಸುಳ್ಳು ದಿನಾಂಕ ಬರೆದು ಬರೆದು ನಾವೇ ಹಾಳು ಮಾಡಿದ್ದಕ್ಕೆ ಇದು ಬೇಲಿ. ಬೇಲಿ ಹಾಕಿದವರದು ತಪ್ಪಲ್ಲ. ತಡಕ್ಕೆ ಕಾರಣ ಆರಿಸಲು ಅದರಲ್ಲಿ ಒಂದಿಷ್ಟು ಸಾಲುಗಳಿವೆ: ಊರು ಬಿಟ್ಟಿದ್ದಾರೆ, ತೀರಿಕೊಂಡಿದ್ದಾರೆ, ಗುಳಿಗೆ ಬೇಡವೆಂದಿದ್ದಾರೆ, ಇತರೆ. ನಾನು ಪ್ರತಿ ತಿಂಗಳೂ 'ಇತರೆ' ಒತ್ತುತ್ತಿದ್ದೆ. ಇತರೆ ಅಂದರೆ ಏನು ಅಂತ ಬರೆಯಲು ಜಾಗವಿರಲಿಲ್ಲ.

ಆ ಹೊತ್ತಿಗೆ ಜಿಲ್ಲೆಯಲ್ಲಿ ನಮಗೆಲ್ಲ ತರಬೇತಿ ಇಟ್ಟರು. ಹೇಳಿಕೊಡಲು ಬಂದವಳು ನನ್ನ ಮಗಳ ವಯಸ್ಸಿನ ಹುಡುಗಿ, ದಕ್ಷಿಣದ ಕಡೆಯವಳು. ಚುರುಕು ಬುದ್ಧಿ, ಸೊಕ್ಕಿಲ್ಲ. ಪ್ರಶ್ನೆ ಕೇಳಿ ಅಂದಾಗ ನಾನು ಎದ್ದು ನಿಂತೆ.

"ನನ್ನ ರೋಗಿ ತಪ್ಪದ ಬರ್ತಾರ್ರಿ. ಆದ್ರ ಇದರಾಗ ಹಳದಿ ತೋರಸ್ತೈತಿ. ಕೆಂಪ ಆಗದಂಗ ಏನರೆ ಮಾಡಾಕ ಬರ್ತೈತೇನ್ರಿ?"

"ತಪ್ಪದೆ ಬರ್ತಾರೆ ಅಂದ್ರೆ ಇಪ್ಪತ್ತೆಂಟು ದಿನಕ್ಕೆ ಯಾಕೆ ಬರಲ್ಲ ಸರ್?"

"ಅಮಾಸಿಗೆ ಬರ್ತಾರ್ರಿ."

ಹಾಲ್ ತುಂಬ ನಗೆ. ನನ್ನ ಜೊತೆಯವರೇ ನಕ್ಕರು. "ಹುಣ್ಣಿಮಿಗೂ ಒಂದ ಗುಳಿಗಿ ಕೊಡ್ರಿ ಸಾಹೇಬ್ರ" ಅಂತ ಹಿಂದಿನಿಂದ ಯಾರೋ ಅಂದರು. ಆ ಹುಡುಗಿ ಮಾತ್ರ ನಗಲಿಲ್ಲ. ಯಾಕೆ ಅಮಾವಾಸ್ಯೆ ಸರ್ ಅಂತ ಇನ್ನೊಮ್ಮೆ ಕೇಳಿದಳು. ಅಷ್ಟು ಜನರ ನಡುವೆ ಏನು ಹೇಳಲಿ? ಊರು ಹೇಳಿದರೆ ಹೋಯಿತು, ರೊಟ್ಟಿ ಅಂದರೆ ಹೋಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. "ಹಂಗ ರೂಢಿ ಐತ್ರಿ" ಅಂದು ಕೂತೆ. ಊಟದ ಹೊತ್ತಿನಲ್ಲಿ ಅವಳೇ ತಟ್ಟೆ ಹಿಡಿದುಕೊಂಡು ನನ್ನ ಹತ್ತಿರ ಬಂದಳು. ಆಗ ಹೆಸರು, ಊರು ಬಿಟ್ಟು ಉಳಿದದ್ದೆಲ್ಲ ಹೇಳಿದೆ. ಕೈಯಲ್ಲಿದ್ದ ತುತ್ತು ಹಾಗೇ ಹಿಡಿದು ಕೇಳಿದಳು. "ನಾವು ಕೂತು ಮಾಡೋವಾಗ ಇದೆಲ್ಲ ಗೊತ್ತೇ ಆಗಲ್ಲ ಸರ್. ಮೇಲೆ ಹೇಳ್ತೀನಿ, ಸ್ವಲ್ಪ ಸಮಯ ಹಿಡಿಯುತ್ತೆ" ಅಂದಳು. ನಾನು ನಂಬಿದೆ. ಸಮಯ ಹಿಡಿಯುತ್ತದೆ ಅನ್ನುವುದನ್ನೂ ನಂಬಿದೆ.

ಆಕೆಯ ಫೋನ್ ನಂಬರಿನ ಜಾಗದಲ್ಲಿ ಮೊದಲಿಂದಲೂ ನನ್ನ ನಂಬರೇ ಹಾಕಿದ್ದೆ. ಗುಳಿಗೆಯ ದಿನ ಬಂತು ಅನ್ನುವ ಸಂದೇಶ ಆಕೆಯ ಮನೆಯ ಫೋನಿಗೆ ಹೋದರೆ ಮೊದಲು ಓದುವವರು ಮಕ್ಕಳು, ಓದಿ ಕೂಗುವುದು ಅಜ್ಜಿಗೆ. ಅಷ್ಟು ಬುದ್ಧಿ ನನಗಿತ್ತು. ಕೆಂಪಾದರೆ ಖಬರು ಫೋನ್ ನಂಬರಿಗೆ ಹೋಗುವುದಿಲ್ಲ, ರೋಗಿಯ ಊರಿನ ಆಶಾ ಕಾರ್ಯಕರ್ತೆಯ ಮೊಬೈಲಿಗೆ ನೇರ ಹೋಗುತ್ತದೆಂದು ಮಾತ್ರ ನಮಗೆ ಯಾರೂ ಹೇಳಿರಲಿಲ್ಲ. ಅದು ನಡುವೆ ಸೇರಿಸಿದ ಹೊಸ ಸುಧಾರಣೆಯಂತೆ. ಗುಳಿಗೆ ಬಿಟ್ಟವರನ್ನು ಬೇಗ ಹುಡುಕಲು.

ಅಂದು ನಾನು ಇಂಡಿಯ ಕೆಲಸ ಮುಗಿಸಿ ಸಿಂದಗಿ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಚಹಾ ಕುಡಿಯುತ್ತಿದ್ದೆ. ಮರುದಿನ ಅಮಾಸಿ. ಇನ್ನು ಎರಡೇ ಹಾಳೆ ಉಳಿದಿದ್ದವು. ಫೋನು ಬಂತು. ಆಕೆಯ ಊರಿನ ಆಶಾ. ಒಳ್ಳೆಯ ಹುಡುಗಿ, ಸಾಲೆಯ ಕ್ಯಾಂಪಿಗೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿದ್ದವಳು ಅವಳೇ. ಯಾರಿಗಾಗಿ ಕ್ಯಾಂಪು ಅಂತ ಅವಳಿಗೂ ನಾನು ಹೇಳಿರಲಿಲ್ಲ.

"ಅಣ್ಣಾರ, ನಿಮ್ಮದೊಂದ ಕೆಂಪ ಬಂದಿತ್ತಲ್ರಿ ನಮ್ಮ ಊರಾಗ? ಹೋಗಿ ಹಸರ ಮಾಡಿ ಬಂದೇನಿ."

ದನಿಯಲ್ಲಿ ಹಿಗ್ಗಿತ್ತು. ನಾನು ಗ್ಲಾಸು ಕೆಳಗಿಟ್ಟೆ.

"ಯಾರ್ಯಾರ ಇದ್ರವಾ ಮನ್ಯಾಗ?"

"ಎಲ್ಲಾರೂ ಇದ್ರರಿ. ಕಟ್ಟಿ ಮ್ಯಾಲ ಅವರ ಅತ್ತಿ, ಬಾಜೂ ಮನಿಯವ್ರು ಕುಂತಿದ್ರು. ರೋಗದ ಹೆಸರು ನಾ ಹೇಳಿಲ್ರಿ ಅಣ್ಣಾರ, ನನಗೂ ತಿಳಿತೈತಿ. ನಿಮ್ಮ ಸೊಸಿ ಗುಳಿಗಿ ಯಾಕ ಬಿಟ್ಟಾಳ್ರಿ ಅಂತ ಅಷ್ಟ ಕೇಳ್ದೆ. ಮತ್ತ ಮನಿ ಮಂದೀದೆಲ್ಲಾ ಬೆನ್ನು, ಕೈ ನೋಡಿ ಫೋಟೊ ಹಾಕೇನಿ. ದವಾಖಾನ್ಯಾಗಿಂದ ತಂದು ಹಾಳಿನೂ ನಾನ ಕೊಟ್ಟೇನಿ. ಒಂದನ್ನೂ ಬಿಟ್ಟಿಲ್ಲ."

ಹೌದು, ಒಂದನ್ನೂ ಬಿಟ್ಟಿರಲಿಲ್ಲ. ಮನೆಮಂದಿಯ ಬೆನ್ನು ತೋರಿಸಿ ಅಂದ ಮೇಲೆ ಹೆಸರು ಹೇಳುವುದು ಇನ್ನೇನು ಉಳಿಯಿತು? ನಮ್ಮ ಸೀಮೆಯಲ್ಲಿ ಬೆನ್ನು ನೋಡುವುದು ಒಂದೇ ರೋಗಕ್ಕೆ. ಇಷ್ಟು ವರ್ಷ ಕಟ್ಟೆಯಿಂದ ಕಟ್ಟೆಗೆ ಹೋಗಿ ಅದನ್ನು ಕಲಿಸಿದವನು ನಾನೇ. ಆ ಹುಡುಗಿಯನ್ನು ಬಯ್ಯಬೇಕು ಅನಿಸಿತು, ಬಯ್ಯಲಿಲ್ಲ. ಅವಳು ಕಲಿಸಿದ್ದನ್ನು ಮಾಡಿದ್ದಳು. "ಛಲೋ ಮಾಡಿದಿ ತಂಗಿ" ಅಂದು ಫೋನ್ ಇಟ್ಟೆ. ಚಹಾ ಆರಿತ್ತು. ಸಿಟ್ಟು ಯಾರ ಮೇಲೆ ತೀರಿಸಬೇಕೆಂದು ತಿಳಿಯದೆ ಚಹಾದವನ ಮೇಲೆ ರೇಗಿದೆ, ಸಕ್ಕರೆ ಜಾಸ್ತಿ ಹಾಕೀಯಲ್ಲೋ ಅಂತ. ಅವನು ಪಾಪ, ಇನ್ನೊಂದು ಗ್ಲಾಸು ಮಾಡಿಕೊಟ್ಟ.

ಮರುದಿನ ಅಮಾಸಿಗೆ ಆಕೆ ಬರಲಿಲ್ಲ. ಗುಳಿಗೆ ಮನೆಗೇ ಹೋಗಿತ್ತಲ್ಲ, ಬರುವ ಕೆಲಸವೂ ಇರಲಿಲ್ಲ. ಹೆಂಡತಿ ಅಂಗಡಿ ಮುಚ್ಚುವ ಹೊತ್ತಾದರೂ ಬಸ್ ಸ್ಟ್ಯಾಂಡಿನ ಕಡೆಯಿಂದ ಬರುವವರನ್ನು ನೋಡುತ್ತ ಕೂತಿದ್ದಳು. ನಾನು ಗಂಡನಿಗೆ ಫೋನು ಮಾಡಿದೆ. "ಆರಾಮ ಅದಾಳ್ರಿ" ಅಂದು ಫೋನಿಟ್ಟ. ನಾನೇ ಹೋಗಬೇಕು, ಅತ್ತೆಯ ಮುಂದೆ ಕೂತು ತಿಳಿಸಿ ಹೇಳಬೇಕು ಅನಿಸಿತು. ಆದರೆ ನಾನು ಆ ಮನೆಯ ಮೆಟ್ಟಿಲು ಹತ್ತಿದರೆ ಊರಿಗೆ ಉಳಿದ ಸಂಶಯವೂ ಹೋಗುತ್ತದೆ. ಗಂಡನಿಂದ ಆಕೆಯನ್ನೇ ಕೇಳಿಸಿದೆ, ಬರಲೇನು ಅಂತ. ಬ್ಯಾಡರಿ ಅಂದಳಂತೆ.

ಅದಾಗಿ ಕೆಲವು ದಿನಕ್ಕೆ ಆ್ಯಪ್ ಹೊಸದಾಯಿತು. ಆ ತರಬೇತಿಯ ಹುಡುಗಿ ಫೋನು ಮಾಡಿದ್ದಳು. "ಸರ್, ನೀವು ಹೇಳಿದ್ದು ಆಗಿದೆ. ತಡದ ಲೆಕ್ಕ ಇನ್ನು ಕೂಡಿಕೊಂಡು ಹೋಗಲ್ಲ, ಪ್ರತಿ ಸಲ ಹೊಸದಾಗಿ ಶುರುವಾಗುತ್ತೆ. ಕಾರಣ ಬರೆಯೋಕೂ ಜಾಗ ಕೊಟ್ಟಿದ್ದೀವಿ. ನಿಮ್ಮ ರೋಗಿ ಹೇಗಿದ್ದಾರೆ?" ಕೊಟ್ಟ ಮಾತು ಉಳಿಸಿಕೊಂಡಿದ್ದಳು, ಯಾವನೋ ಮುದುಕನ ಅಮಾಸಿಯನ್ನು ಮರೆಯದೆ ಮೇಲಿನವರೆಗೆ ಒಯ್ದಿದ್ದಳು. ಅವಳಿಗೆ ನಡೆದದ್ದನ್ನು ಹೇಳಿ ಏನಾಗಬೇಕು? "ಆರಾಮ ಅದಾರ್ರಿ, ಭಾಳ ಉಪಕಾರ ಆತು" ಅಂದೆ. ಮುಂದೆ ಇನ್ನೊಬ್ಬಳು ಯಾರಾದರೂ ಅಮಾಸಿಗೆ ನಡೆದು ಬಂದರೆ ಅವಳಿಗಾದರೂ ಆಯಿತಲ್ಲ ಅಂದುಕೊಂಡೆ. ಹಾಗೆ ಅಂದುಕೊಂಡರೂ ಮನಸ್ಸಿಗೆ ಸಮಾಧಾನವೇನೂ ಆಗಲಿಲ್ಲ.

ಮುಂದಿನ ಅಮಾಸಿಗೆ ಇನ್ನೂ ಎರಡು ದಿನ ಇರುವಾಗ, ಮಧ್ಯಾಹ್ನ ನಾನು ಅಂಗಡಿಯಲ್ಲಿ ಉಣ್ಣಲು ಕೂತಿದ್ದೆ. ಮೆಟ್ಟಿಲ ಮೇಲೆ ನೆರಳು ಬಿತ್ತು. ಆಕೆ. ಹಣೆಯ ಮೇಲೆ ವಿಭೂತಿ ಇರಲಿಲ್ಲ. ತಲೆಯ ಮೇಲೆ ಬಿಳಿ ಅರಿವೆ ಕಟ್ಟಿದ ದೊಡ್ಡ ಬುಟ್ಟಿ.

"ಇವತ್ತ ಅಮಾಸಿ ಅಲ್ಲಲ್ಲವಾ" ಅಂದಳು ಹೆಂಡತಿ.

"ಅಲ್ಲ ಅಕ್ಕಾರ." ಬುಟ್ಟಿ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡಳು. "ಈಗ ಅಮಾಸಿ ಯಾಕ ಬೇಕ್ರಿ? ಎಲ್ಲಾರಿಗೂ ಗೊತ್ತಾತು. ಹಾಳಿ ಮುಗೀತು, ಬಂದೆ."

ಬುಟ್ಟಿಯ ಅರಿವೆ ಬಿಚ್ಚಿದಳು. ತುಂಬ ಖಡಕ್ ರೊಟ್ಟಿ. ಖಾನಾವಳಿಯವನು ಬೇಡ ಅಂದಿದ್ದ. ಬಯ್ದಿರಲಿಲ್ಲವಂತೆ; ಒಳ್ಳೆಯ ಮಾತಿನಲ್ಲೇ, ಸ್ವಲ್ಪ ದಿನ ಇರಲಿ ತಂಗಿ ಅಂದಿದ್ದ. ಅತ್ತೆ ಮನೆಯಿಂದ ಹೊರಗೆ ಹಾಕಿರಲಿಲ್ಲ, ಹಂಚು ಮಾತ್ರ ಎತ್ತಿಟ್ಟಿದ್ದಳು. ಆದರೂ ಆಕೆ ಅದನ್ನು ಇಳಿಸಿಕೊಂಡು, ಹಿತ್ತಲಲ್ಲಿ ಕಲ್ಲು ಹೂಡಿ ರೊಟ್ಟಿ ಬಡಿದಿದ್ದಳು, ಒಯ್ಯುವವರು ಯಾರೂ ಇಲ್ಲವೆಂದು ಗೊತ್ತಿದ್ದೂ. "ಕೈ ಸುಮ್ಮ ಕುಂದ್ರಾಕ ಒಲ್ದು ಅಕ್ಕಾರ" ಅಂದಳು. ಆಗ ಅತ್ತಳು. ಮೊದಲ ದಿನ ಅಳದವಳು ಈಗ ಬಳೆಯ ಡಬ್ಬಿಗಳ ನಡುವೆ ಕೂತು ಅತ್ತಳು. ಈ ಸಲ ನನ್ನ ಕೈಯಲ್ಲಿ ತಂಬಿಗೆ ಇರಲಿಲ್ಲ.

ಹೆಂಡತಿ ಆಕೆಯ ಕೈ ಎಳೆದುಕೊಂಡು, ಸಾಬೂನು ಹಚ್ಚಿ, ಹಸಿರು ಬಳೆ ಏರಿಸತೊಡಗಿದಳು. ಕಿರುಬೆರಳ ಗಿಣ್ಣಿನ ಹತ್ತಿರ ಒತ್ತುವಾಗ ಆಕೆ ಅಳುತ್ತಲೇ ಕೈ ಹಿಂದಕ್ಕೆ ಎಳೆದುಕೊಂಡಳು.

"ಹಗೂರಕ್ಕ ಅಕ್ಕಾರ, ನೋಯ್ತೈತಿ."

ಹೆಂಡತಿ ನನ್ನ ಕಡೆ ನೋಡಿದಳು. ನಾನು ಆಕೆಯ ಕಡೆ ನೋಡಿದೆ. ಆಕೆಗೂ ಗೊತ್ತಾಯಿತು. ಬಾಯಿ ತೆರೆದು ತನ್ನ ಕೈಯನ್ನೇ ನೋಡುತ್ತ ಕೂತಳು.

ಕೊನೆಯ ಹಾಳೆ ಕೊಟ್ಟೆ. ನನ್ನೆದುರೇ ದೊಡ್ಡ ಗುಳಿಗೆ ನುಂಗಿದಳು. ಬಳೆ ತೊಟ್ಟ ಕೈಯಲ್ಲಿ ಹಾಳೆ ಹಿಡಿಸಿ ಫೋಟೊ ತೆಗೆದೆ. ಆಶಾ ಹಾಳೆ ಕೊಟ್ಟ ದಿನದಿಂದ ಹೊಸ ಲೆಕ್ಕ ಶುರುವಾಗಿತ್ತು, ಇಪ್ಪತ್ತೆಂಟಕ್ಕೆ ಸರಿಯಾಗಿ ಆಕೆ ಬಂದಿದ್ದಳು. ಕಾರಣ ಬರೆಯಲು ಕೊಟ್ಟ ಹೊಸ ಜಾಗವನ್ನು ಆ್ಯಪ್ ತೋರಿಸಲೇ ಇಲ್ಲ. ಹಸಿರು ಚುಕ್ಕೆ ಬಂತು.

ಆಕೆ ಬಗ್ಗಿ ಮೊಬೈಲ್ ನೋಡಿದಳು. "ಈ ಸಲ ಬರೋಬರಿ ದಿನಕ್ಕ ಬಂದೇನಲ್ರಿ ಅಣ್ಣಾರ?"

"ಹೌದವಾ, ಬರೋಬರಿ ಬಂದಿ" ಅಂದೆ. ಹೆಂಡತಿ ಬುಟ್ಟಿಯಿಂದ ರೊಟ್ಟಿ ತೆಗೆದು ಮುರಿದು ನನ್ನ ತಾಟಿಗೆ ಹಾಕಿದಳು.